ದೊಡ್ಡ ಟೈರ್ ಹಾಕಿಸಿದ ಕಾರಿನಲ್ಲಿ ಹಿಮಕ್ಕೆ ಹೊರಟಿದ್ದೀರಾ? ಚೈನ್ ಮೊದಲು ಅಂಗಳದಲ್ಲಿ ಕಟ್ಟಿ ನೋಡಿ

ನಮ್ಮ ಬದಿಯಡ್ಕ, ಪೆರ್ಲ ಕಡೆ ಈಗ ಕಾರಿಗೆ ದೊಡ್ಡ ಚಕ್ರ ಹಾಕಿಸುವವರು ಜಾಸ್ತಿ. ಅದೇ ಕಾರು ಹತ್ತಿ ಮನಾಲಿಗೆ ಹೋಗುವವರೂ ಜಾಸ್ತಿ. ನಾನು ಎರಡನ್ನೂ ಮಾಡಿದೆ. ಕಳೆದ ಜನವರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅನುಭವಿಸಿದ ಭಯ ಇನ್ನೊಬ್ಬರಿಗೆ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಗಾಡಿಗೆ ಕಂಪನಿಯಿಂದ ಬಂದ ಟೈರ್ 215/60 ಆರ್ 16. ಮೊದಲ ನಂಬರ್ ಟೈರಿನ ಅಗಲ ಮಿಲಿಮೀಟರಿನಲ್ಲಿ, ಕೊನೆಯದು ರಿಮ್ ಎಷ್ಟು ಇಂಚು ಅಂತ. ಮನೆಗೆ ಇಳಿಯುವ ಮಣ್ಣಿನ ದಾರಿಯಲ್ಲಿ ಅಡಿ ತಾಗುತ್ತಿತ್ತು. ಅದಕ್ಕೆ 235/60 ಆರ್ 17 ಹಾಕಿಸಿದೆ. ಅಡಿ ತಾಗುವುದು ನಿಂತಿತು. ನೋಡಲೂ ಚಂದ ಕಂಡಿತು.

ಹಿಮದಲ್ಲಿ ಜಾರದ ಹಾಗೆ ಟೈರಿಗೆ ಸುತ್ತಿ ಕಟ್ಟುವ ಚೈನ್ ಕಾಸರಗೋಡಿನಲ್ಲಿ ಯಾರ ಹತ್ತಿರ ಕೇಳುವುದು? ಮಳೆಗಾಲದ ಕೆಸರಲ್ಲದೆ ಬೇರೆ ಜಾರು ನಮಗೆ ಗೊತ್ತಿಲ್ಲ. ಆನ್‌ಲೈನಿನಲ್ಲಿ ಹುಡುಕಿದೆ. ‘ಎಲ್ಲಾ ಎಸ್‌ಯುವಿಗಳಿಗೂ ಆಗುತ್ತದೆ’ ಅಂತ ಬರೆದದ್ದು ಒಂದು ಸಿಕ್ಕಿತು. ಮಾರುವವರಿಗೆ ಟೈರಿನ ನಂಬರ್ ಕಳಿಸಿ ಕೇಳಿದೆ. ‘ಧೈರ್ಯವಾಗಿ ತೆಗೆದುಕೊಳ್ಳಿ’ ಅಂದರು. ಬಂದ ಚೀಲದ ಮೇಲೆ ಒಂದೇ ಒಂದು ಟೈರ್ ಸೈಜ್ ಕೂಡ ಬರೆದಿರಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಸರಿಯಾದ ಚೈನಿನ ಪೆಟ್ಟಿಗೆಯ ಮೇಲೆ ಯಾವ ಯಾವ ಸೈಜಿಗೆ ಆಗುತ್ತದೆ ಅಂತ ಪಟ್ಟಿಯೇ ಇರುತ್ತದೆ. ನಾನು ಚೀಲ ಬಿಚ್ಚದೆ ಡಿಕ್ಕಿಯಲ್ಲಿ ಹಾಕಿದೆ.

ಎರಡೂವರೆ ಸಾವಿರ ಕಿಲೋಮೀಟರಿಗಿಂತ ಜಾಸ್ತಿ ಓಡಿಸಿ ಮನಾಲಿ ಮುಟ್ಟಿದೆವು. ಎರಡನೇ ರಾತ್ರಿ ಹಿಮ ಬಿತ್ತು. ಹಿಮ ಬಿದ್ದ ಮೇಲೆ ಅಟಲ್ ಸುರಂಗದ ಕಡೆಗೆ ನಾಲ್ಕೂ ಚಕ್ರವನ್ನು ಎಂಜಿನ್ ತಿರುಗಿಸುವ ಫೋರ್ ಬೈ ಫೋರ್ ಗಾಡಿ, ಇಲ್ಲದಿದ್ದರೆ ಚೈನ್ ಕಟ್ಟಿದ ಗಾಡಿ, ಅಷ್ಟನ್ನೇ ಬಿಡುತ್ತಾರೆ. ಸೋಲಂಗ್ ಹತ್ತಿರ ಪೊಲೀಸರು ನಮ್ಮನ್ನೂ ನಿಲ್ಲಿಸಿದರು. ನಾನೂ ಬಾವನೂ ಹಿಮದಲ್ಲಿ ಮಂಡಿಯೂರಿ ಚೈನ್ ಕಟ್ಟಲು ಕೂತೆವು. ಕೊಕ್ಕೆ ಕೊಂಡಿಯನ್ನು ಮುಟ್ಟಲೇ ಇಲ್ಲ. ನಡುವೆ ಒಂದು ಅಂಗೈ ಅಗಲ ಜಾಗ. “ಇದು ಸೇರುವುದಿಲ್ಲ ಬಾವ, ಬಿಡಿ” ಅಂದ ಅವನು. ಬೆರಳುಗಳು ಮರಗಟ್ಟಿದ್ದವು.

ಆಮೇಲೆ ಲೆಕ್ಕ ಹಾಕಿ ನೋಡಿದೆ. ಹಳೆ ಟೈರಿನ ಎತ್ತರ 664 ಮಿಲಿಮೀಟರ್. ಹೊಸದು 714. ಐದು ಸೆಂಟಿಮೀಟರ್ ಅಷ್ಟೇ ಅಲ್ವಾ ಅನಿಸುತ್ತದೆ. ಆದರೆ ಸುತ್ತಳತೆಯಲ್ಲಿ ಅದು ಹದಿನೈದೂವರೆ ಸೆಂಟಿಮೀಟರ್ ಆಗುತ್ತದೆ. ಚೈನ್ ಸುತ್ತುವುದು ಸುತ್ತಳತೆಗೆ.

ಅಲ್ಲಿಗೇ ವಾಪಸ್ ಬರಬೇಕಿತ್ತು. ಬರಲಿಲ್ಲ. ದಾರಿ ಬದಿಯಲ್ಲಿ ಬಾಡಿಗೆಗೆ ಕೊಡುವವನೊಬ್ಬ ಇನ್ನೂ ದೊಡ್ಡ ಗಾಡಿಯ ಚೈನ್ ತಂದು ಕಟ್ಟಿದ. ಉಳಿದ ಕೊಂಡಿಗಳನ್ನು ಸರಿಗೆಯಿಂದ ಬಿಗಿದ. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಟಕ್ ಟಕ್ ಅಂತ ಶಬ್ದ. ಏರಿನ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದೆ. ಒಳಗಡೆ ಏನೋ ಹರಿದ ಹಾಗೆ ಕೇಳಿತು. ಬ್ರೇಕ್ ಹಾಕುವಾಗ ಚಕ್ರ ಲಾಕ್ ಆಗದ ಹಾಗೆ ನೋಡುವ ಎಬಿಎಸ್‌ನ ದೀಪ ಹತ್ತಿತು. ಗಾಡಿ ಅಡ್ಡಡ್ಡ ಜಾರಿ ಹಿಮದ ರಾಶಿಗೆ ಒರಗಿ ನಿಂತಿತು. ಹಿಂದೆ ಮೂವರು ಮಕ್ಕಳಿದ್ದರು. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು.

ವರ್ಕ್‌ಶಾಪಿನಲ್ಲಿ ಚಕ್ರ ಬಿಚ್ಚಿ ತೋರಿಸಿದರು. ಎಬಿಎಸ್ ಸೆನ್ಸರಿನ ವಯರ್ ತುಂಡಾಗಿತ್ತು. ಬ್ರೇಕ್ ಹೋಸಿನ ರಬ್ಬರ್ ಕೆರೆದು ಒಳಗಿನ ನೂಲು ಕಾಣುತ್ತಿತ್ತು. ಅದನ್ನು ನೋಡಿ ನನಗೆ ಕೈಕಾಲು ನಡುಗಿತು. ಇನ್ನೊಂದು ಸ್ವಲ್ಪ ದೂರ ಹೋಗಿದ್ದರೆ ಬ್ರೇಕ್ ಕೈಕೊಡಬಹುದಿತ್ತು. ಮೆಕ್ಯಾನಿಕ್ ಟೈರಿಗೂ ಶಾಕ್ ಅಬ್ಸಾರ್ಬರಿಗೂ ನಡುವೆ ಬೆರಳು ಹಾಕಿ ತೋರಿಸಿದ. ಕಿರುಬೆರಳಿನ ತುದಿ ಕಷ್ಟದಲ್ಲಿ ಹೋಯಿತು. ಟೈರ್ ಮೊದಲಿಗಿಂತ 20 ಮಿಲಿಮೀಟರ್ ಜಾಸ್ತಿ ಅಗಲವಾದರೆ ಅದರಲ್ಲಿ ಸುಮಾರು ಅರ್ಧ ಒಳಗಡೆಗೇ ಬರುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಕಾಣುವುದಿಲ್ಲ. ಸಾಧಾರಣ ಚೈನಿನ ಕೊಂಡಿಗಳೇ 9ರಿಂದ 12 ಮಿಲಿಮೀಟರ್ ದಪ್ಪ. ಚಕ್ರ ತಿರುಗುವಾಗ ಅವು ಇನ್ನಷ್ಟು ಹೊರಗೆ ಚಿಮ್ಮುತ್ತವೆ. ಅಂದರೆ ಸೈಜ್ ಸರಿಯಾದ ಚೈನ್ ಸಿಕ್ಕಿದ್ದರೂ ನನ್ನ ಗಾಡಿಗೆ ಅದು ಆಗುತ್ತಿರಲಿಲ್ಲ!

ಹಾಗಾಗಿ ಚೈನ್ ಹುಡುಕುವ ಮೊದಲು ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಒಳಗಿನ ಜಾಗ ನೋಡಿ. ಗಾಡಿಯ ಮ್ಯಾನುಯಲ್ ತೆಗೆದು ಚೈನ್ ಕಟ್ಟಬಹುದಾ, ಯಾವ ಟೈರಿಗೆ ಅಂತ ಓದಿ. ನನ್ನದರಲ್ಲಿ ಕಂಪನಿ ಸೈಜಿಗೆ ಮಾತ್ರ ಅಂತ ಇತ್ತು, ನಾನು ಓದಿದ್ದು ಊರಿಗೆ ಬಂದ ಮೇಲೆ. ಜಾಗ ಕಡಿಮೆ ಇದ್ದರೆ ಟೈರಿಗೆ ತೊಡಿಸುವ ಬಟ್ಟೆಯ ಚೀಲದಂಥದ್ದು ಸಿಗುತ್ತದೆ, ತೆಳುವಾಗಿರುತ್ತದೆ. ಅದರಲ್ಲೂ ಸೈಜ್ ಇದೆ. ಚಕ್ರದ ನಟ್ಟಿಗೆ ಹೊರಗಿನಿಂದಲೇ ಸಿಕ್ಕಿಸುವ ಚೈನುಗಳೂ ಇವೆ, ಬೆಲೆ ಜಾಸ್ತಿ. ಎಂಜಿನ್ ಯಾವ ಚಕ್ರವನ್ನು ತಿರುಗಿಸುತ್ತದೋ ಅದಕ್ಕೇ ಕಟ್ಟಬೇಕು, ನಮ್ಮ ಸಣ್ಣ ಗಾಡಿಗಳಲ್ಲಿ ಹೆಚ್ಚಾಗಿ ಮುಂದಿನವು. ಸ್ವಲ್ಪ ದೂರ ಹೋಗಿ ನಿಲ್ಲಿಸಿ ಮತ್ತೆ ಬಿಗಿಮಾಡಿ. 50ರ ಒಳಗೇ ಓಡಿಸಿ. ಡಾಂಬರು ಕಂಡ ಕೂಡಲೇ ಬಿಚ್ಚಿ. ಸುರಂಗವೇ 9.02 ಕಿಲೋಮೀಟರ್ ಉದ್ದ ಇದೆ, ಅಷ್ಟು ದೂರ ಒಣ ರಸ್ತೆಯಲ್ಲಿ ಚೈನ್ ಉಜ್ಜಿಕೊಂಡು ಹೋಗಬಾರದು.

ಹಳೆಯ ಚಕ್ರಗಳನ್ನು ಮಾತ್ರ ದಯವಿಟ್ಟು ಮಾರಬೇಡಿ. ನನ್ನ ನಾಲ್ಕೂ ಶೆಡ್ಡಿನಲ್ಲಿ ಅಡಿಕೆ ಚೀಲಗಳ ಹಿಂದೆ ಇದ್ದವು. ಮೊನ್ನೆ ಬಾವನ ತಮ್ಮ ಹಿಮಾಚಲಕ್ಕೆ ಹೊರಟ. ಅವನದೂ ನನ್ನಂಥದ್ದೇ ಗಾಡಿ, ಅದೇ 17 ಇಂಚು. ಅವನು ತಂದ ಚೈನನ್ನು ನಮ್ಮ ಅಂಗಳದಲ್ಲೇ ಕಟ್ಟಿ ನೋಡಿದೆವು, ಆಗಲಿಲ್ಲ. ಸಂಜೆಯೊಳಗೆ ನನ್ನ 16 ಇಂಚಿನ ಚಕ್ರಗಳನ್ನು ಅವನ ಗಾಡಿಗೆ ಹಾಕಿಸಿ, ಅದರ ಸೈಜ್ ಬರೆದ ಚೈನನ್ನು ಎರಡು ಸಲ ಕಟ್ಟಿ ಬಿಚ್ಚಿಸಿ ಕಳಿಸಿದೆ.