ಬರೀ ಲೇಬರ್ ಕಾಂಟ್ರಾಕ್ಟೋ, ಮೆಟೀರಿಯಲ್ ಸಮೇತವೋ?

ಮನೆ ಕಟ್ಟಿಸಲು ಹೊರಟರೆ ಎಲ್ಲರೂ ಖರ್ಚಿನ ಲೆಕ್ಕ ಹಾಕುತ್ತಾರೆ. ನಾಳೆ ಜಗಳವಾದರೆ ಯಾವುದರಲ್ಲಿ ನಮ್ಮ ಮಾತು ನಿಲ್ಲುತ್ತದೆ ಅನ್ನೋದನ್ನೂ ನೋಡಬೇಕು ಅಲ್ವಾ?

ಲೇಬರ್ ಕಾಂಟ್ರಾಕ್ಟಿನಲ್ಲಿ ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡ್ ಎಲ್ಲ ನೀವೇ ತರಿಸುತ್ತೀರಿ. ಮೋಸ ಕಡಿಮೆ. ಆದರೆ ಗೋಡೆ ಬಿರುಕು ಬಿಟ್ಟರೆ ಮೇಸ್ತ್ರಿ ಹೇಳುವುದು ಒಂದೇ: "ನೀವು ತಂದ ಮಾಲೇ ಸರಿ ಇರಲಿಲ್ಲ ಸಾರ್." ಹಾಗಾಗಿ ಪ್ರತಿ ಲೋಡಿನ ಬಿಲ್ಲು, ಕೆಲಸದ ಫೋಟೋ ಇಟ್ಟುಕೊಳ್ಳಿ.

ಮೆಟೀರಿಯಲ್ ಸಮೇತ ಕೊಟ್ಟರೆ ಮಾಲು, ಕೆಲಸ ಎರಡಕ್ಕೂ ಒಬ್ಬನೇ ಹೊಣೆ. ಕೇಸು ನಡೆಸುವುದೂ ಸುಲಭ. ಅಪಾಯ ಇರುವುದು ಕರಾರಿನಲ್ಲಿ. "ಒಳ್ಳೆ ಕ್ವಾಲಿಟಿ ಕಬ್ಬಿಣ" ಎಂದು ಬರೆದರೆ ಏನೂ ಬರೆಯದ ಹಾಗೆ. ಬ್ರ್ಯಾಂಡು, ಗ್ರೇಡು, ಚದರಕ್ಕೆ ಎಷ್ಟು, ಸಂಪು ಮತ್ತು ಕಾಂಪೌಂಡು ಅದರಲ್ಲೇ ಸೇರಿದೆಯಾ, ಮುಗಿಸುವ ತಾರೀಕು, ಎಲ್ಲ ಸ್ಟಾಂಪ್ ಪೇಪರಿನಲ್ಲಿ ಬರಲಿ. ಹಣ ಪಾಯ, ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ತೊಲೆ), ಮೋಲ್ಡು (ತಾರಸಿ ಕಾಂಕ್ರೀಟು) ಹೀಗೆ ಹಂತಹಂತವಾಗಿ, ಬ್ಯಾಂಕ್ ಮೂಲಕವೇ ಹೋಗಲಿ. ಕೊನೆಯ ಕಂತು ಕೈಯಲ್ಲಿರಲಿ. ಅದರಷ್ಟು ಬಲ ವಕೀಲರ ನೋಟಿಸಿಗೂ ಇಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದೂ ಒಂದು ಸೇವೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ, ತಕರಾರು ಹುಟ್ಟಿದ 2 ವರ್ಷದೊಳಗೆ ದೂರು ಕೊಡಬಹುದು.

ದಿನಾ ಸೈಟಿಗೆ ಹೋಗುವ ಬಿಡುವಿದ್ದರೆ ಲೇಬರ್ ಸಾಕು. ಊರು ಬಿಟ್ಟು ದೂರ ಇರುವವರಿಗೆ ನನ್ನ ಓಟು ಮೆಟೀರಿಯಲ್ ಸಮೇತಕ್ಕೆ, ಕರಾರು ಗಟ್ಟಿಯಾಗಿದ್ದರೆ ಮಾತ್ರ.