ರೀಫ್ ಟ್ಯಾಂಕ್ ಮಾಡಿಸುತ್ತಿದ್ದೀರಾ? ಕರೆಂಟ್ ತೆಗೆದು ನೋಡದೆ ಕೊನೆ ಕಂತು ಕೊಡಬೇಡಿ

ಮನೆಯೊಳಗೆ ದೊಡ್ಡ ಸಮುದ್ರದ ಟ್ಯಾಂಕ್, ಅದರಲ್ಲೂ ಹವಳ ಇಡುವ ರೀಫ್ ಟ್ಯಾಂಕ್ ಮಾಡಿಸಬೇಕು ಅಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಂಗಳೂರಿನಲ್ಲಿ ಈ ಕೆಲಸ ಮಾಡಿಕೊಡುತ್ತೇವೆ ಅನ್ನುವವರು ಈಗ ಜಾಸ್ತಿ ಆಗಿದ್ದಾರೆ. ಗಾಜು, ಸ್ಟ್ಯಾಂಡ್, ಪೈಪು, ಲೈಟು, ಮೀನು, ಎಲ್ಲ ನಮ್ಮದೇ, ನೀವು ಸುಮ್ನೆ ಕೂತು ನೋಡಿ ಅನ್ನುತ್ತಾರೆ. ನಮಗೆ ಮಾಡಿಕೊಟ್ಟವರೂ ಹಾಗೇ ಅಂದಿದ್ದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಅದರ ಪಾಡಿಗೆ ನಡೆಯಲಿ. ಅವರು ಏನು ಮಾಡಿದರು ಅನ್ನುವುದನ್ನು ಮಾತ್ರ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇದೇ ಥರ ಪೈಪ್ ಹಾಕಿದ್ದರೆ ಇವತ್ತೇ ನೋಡಿಕೊಳ್ಳಿ.

ಟ್ಯಾಂಕ್ 8 ಅಡಿ ಉದ್ದ, 3 ಅಡಿ ಅಗಲ, ಎರಡೂವರೆ ಅಡಿ ಎತ್ತರ. ಹತ್ತಿರ ಹತ್ತಿರ 1,700 ಲೀಟರ್. ಇಟ್ಟಿದ್ದು ಮೊದಲ ಮಹಡಿಯ ಹಾಲ್‌ನಲ್ಲಿ. ಕೆಳಗಿನ ಮನೆಯಲ್ಲಿ ಬಾಡಿಗೆಯವರಿದ್ದಾರೆ.

ಇಂಥ ಟ್ಯಾಂಕಿನ ಸ್ಟ್ಯಾಂಡ್ ಒಳಗೆ ಇನ್ನೊಂದು ಗಾಜಿನ ತೊಟ್ಟಿ ಇರುತ್ತದೆ. ಅದಕ್ಕೂ ಸಂಪ್ ಅಂತಲೇ ಹೆಸರು. ಮೇಲಿನ ನೀರು ಒಂದು ಪೈಪಿನಲ್ಲಿ ಸಂಪಿಗೆ ಇಳಿಯುತ್ತದೆ, ಅಲ್ಲಿ ಸೋಸಿ, ರಿಟರ್ನ್ ಪಂಪ್ ಅದನ್ನು ಮತ್ತೆ ಮೇಲೆ ಹತ್ತಿಸುತ್ತದೆ. ಪಂಪ್ ಓಡುತ್ತಿರುವಾಗ ಎಲ್ಲ ಚೆಂದ. ಕರೆಂಟ್ ಹೋದಾಗ ಏನಾಗುತ್ತದೆ ಅನ್ನುವುದೇ ಪ್ರಶ್ನೆ.

ನಮ್ಮ ರಿಟರ್ನ್ ಪೈಪಿನ ಬಾಯಿಯನ್ನು ನೀರಿನ ಮಟ್ಟಕ್ಕಿಂತ 4 ಇಂಚು ಕೆಳಗೆ ಇಟ್ಟಿದ್ದರು. ಪಂಪ್ ನಿಂತ ಕೂಡಲೇ ಅದೇ ಪೈಪು ನೀರನ್ನು ಉಲ್ಟಾ ಎಳೆಯುತ್ತದೆ. ಬಾಯಿಗೆ ಗಾಳಿ ಸಿಗುವವರೆಗೆ ನಿಲ್ಲುವುದಿಲ್ಲ. ಟ್ಯಾಂಕಿನ ಮೇಲ್ಭಾಗ 24 ಚದರ ಅಡಿ. ಅಂದರೆ ಒಂದೊಂದು ಇಂಚಿಗೆ 56 ಲೀಟರಿಗಿಂತ ಸ್ವಲ್ಪ ಹೆಚ್ಚು. 4 ಇಂಚಿಗೆ 225 ಲೀಟರ್. ಅವರು ಕೊಟ್ಟ ಸಂಪ್ ಹಿಡಿಯುವುದೇ 160 ಲೀಟರ್, ಅದರಲ್ಲಿ 120 ಲೀಟರ್ ಯಾವಾಗಲೂ ತುಂಬಿರುತ್ತಿತ್ತು. ಖಾಲಿ ಜಾಗ ಬರೀ 40 ಲೀಟರ್. ಉಳಿದ 185 ಲೀಟರ್ ಎಲ್ಲಿಗೆ ಹೋಗಬೇಕು? ಕಾಗದದ ಮೇಲೆ ಐದು ನಿಮಿಷದ ಲೆಕ್ಕ ಇದು. ವರ್ಷಗಟ್ಟಲೆ ಇದೇ ಕೆಲಸ ಮಾಡುತ್ತೇವೆ ಅನ್ನುವವರು ಈ ಲೆಕ್ಕ ಹಾಕಿರಲಿಲ್ಲ.

ಕೇಳಿದಾಗ ಸಿಕ್ಕ ಉತ್ತರ, “ಚೆಕ್ ವಾಲ್ವ್ ಹಾಕಿದ್ದೀವಿ ಸಾರ್, ಒಂದು ಹನಿ ಇಳಿಯಲ್ಲ.” ಚೆಕ್ ವಾಲ್ವ್ ಅಂದರೆ ನೀರನ್ನು ಒಂದೇ ಕಡೆಗೆ ಬಿಡುವ, ಉಲ್ಟಾ ಬಂದರೆ ಮುಚ್ಚಿಕೊಳ್ಳುವ ವಾಲ್ವ್. ಹೊಸದರಲ್ಲಿ ಇಳಿಯಲಿಲ್ಲ, ನಿಜ. ಆದರೆ ರೀಫ್ ಟ್ಯಾಂಕಿನ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಪೈಪಿನೊಳಗೆ, ವಾಲ್ವಿನ ಮುಚ್ಚಳದ ಅಂಚಿಗೆ, ಗಟ್ಟಿ ಪದರ ಕಟ್ಟುತ್ತದೆ. ಸಣ್ಣ ಬಸವನಹುಳ ಹೋಗಿ ಕೂತರೂ ಸಾಕು, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಆಮೇಲೆ ನಾನು ಅದನ್ನು ಬಿಚ್ಚಿಸಿ ನೋಡಿದೆ. ರಬ್ಬರ್ ಅಂಚಿನ ಒಂದು ಕಡೆ ಅಕ್ಕಿಕಾಳಿನಷ್ಟು ಬಿಳಿ ಗಂಟು. ಅಷ್ಟೇ.

ಸಣ್ಣಪುಟ್ಟ ಪವರ್ ಕಟ್‌ಗಳನ್ನು ಮನೆಯ ಯುಪಿಎಸ್ ತಡೆದುಕೊಳ್ಳುತ್ತಿತ್ತು, ಹಾಗಾಗಿ ಗೊತ್ತಾಗಿರಲಿಲ್ಲ. ಒಂದು ಮಳೆಯ ರಾತ್ರಿ ಕರೆಂಟ್ ಹೋಗಿದ್ದು ಬೆಳಗಿನ ಜಾವದವರೆಗೂ ಬರಲಿಲ್ಲ. ಬ್ಯಾಟರಿ ಮುಗಿದು ಪಂಪ್ ನಿಂತಿತು. ಕೆಳಗಿನ ಮನೆಯ ಅಜ್ಜಿ ಬಾಗಿಲು ಬಡಿದಾಗಲೇ ನಮಗೆ ಎಚ್ಚರ. “ನಮ್ಮ ಹಾಸಿಗೆ ಮೇಲೆ ನೀರು ಸುರೀತಾ ಇದೆ, ಸ್ವಲ್ಪ ನೋಡಿಯಪ್ಪಾ” ಅಂದರು. ಅಷ್ಟು ವಯಸ್ಸಾದವರನ್ನು ಆ ಹೊತ್ತಿನಲ್ಲಿ ಮೆಟ್ಟಿಲು ಹತ್ತಿಸಿದ್ದು ಈಗಲೂ ಹೊಟ್ಟೆ ಉರಿಸುತ್ತದೆ.

ಇಷ್ಟೇ ಆಗಿದ್ದರೆ ನೆಲ ಒರೆಸಿ ಸುಮ್ಮನಾಗಬಹುದಿತ್ತು. ಕರೆಂಟ್ ಬಂತು, ನಿಜವಾದ ಅನಾಹುತ ಆಗ ಶುರುವಾಯಿತು. ಪಂಪ್ ಸಂಪಿನಲ್ಲಿದ್ದ ನೀರನ್ನೆಲ್ಲ ಮೇಲೆ ಎಳೆದುಕೊಂಡಿತು. ಸಂಪ್ ಬರಿದಾಯಿತು. ನೀರು ಆವಿಯಾದಷ್ಟು ಸಿಹಿನೀರು ತುಂಬಲಿ ಅಂತ ಆಟೋ ಟಾಪ್ ಆಫ್ ಇರುತ್ತದಲ್ಲ, ಅದಕ್ಕೆ ಉಪ್ಪುನೀರು ಚೆಲ್ಲಿದ್ದು ಗೊತ್ತಾಗುವುದಿಲ್ಲ. ಮಟ್ಟ ಇಳಿಯಿತು ಅಂತಷ್ಟೇ ಗೊತ್ತು. ಅದನ್ನು 200 ಲೀಟರಿನ ಆರ್‌ಒ ಡ್ರಮ್ಮಿಗೆ ನೇರ ಜೋಡಿಸಿದ್ದರು. ಚೆಲ್ಲಿದ ಉಪ್ಪುನೀರಿನ ಜಾಗಕ್ಕೆಲ್ಲ ಸಿಹಿನೀರು ಬಂದು ತುಂಬಿಕೊಂಡಿತು. ಸಾವಿರಕ್ಕೆ 35 ಇರಬೇಕಾದ ಉಪ್ಪು 31ರ ಹತ್ತಿರಕ್ಕೆ ಇಳಿದಿತ್ತು. ಮೊದಲು ಹೋಗಿದ್ದು ನಕ್ಷತ್ರ ಮೀನು, ಆಮೇಲೆ ಕ್ಲೀನರ್ ಸಿಗಡಿಗಳು. ಲೆದರ್ ಹವಳ ಮುದುಡಿಕೊಂಡು ಬಣ್ಣ ಕಳೆದುಕೊಂಡಿತು. ಮೀನುಗಳು ತಡೆದುಕೊಂಡವು. ಟಾಪ್ ಆಫ್ ಡ್ರಮ್ ಚಿಕ್ಕದಿರಲಿ, ಅದರ ನೀರೆಲ್ಲ ಒಮ್ಮೆಗೇ ಟ್ಯಾಂಕಿಗೆ ಸೇರಿದರೂ ಪ್ರಾಣ ಹೋಗದಷ್ಟು ಚಿಕ್ಕದು. 15-20 ಲೀಟರ್ ಸಾಕು.

ಇನ್ನೊಂದು ವಿಷಯ ಬರೆಯುವಾಗ ಈಗಲೂ ಕೈ ನಡುಗುತ್ತದೆ. ಜಂಕ್ಷನ್ ಬಾಕ್ಸನ್ನು ಸ್ಟ್ಯಾಂಡ್ ಒಳಗೆ, ಸಂಪಿನ ಪಕ್ಕ, ನೆಲದ ಮೇಲೇ ಇಟ್ಟಿದ್ದರು. ಲೈನ್ ಎಳೆದಿದ್ದು ಯುಪಿಎಸ್‌ನಿಂದ ನೇರವಾಗಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ ದಾಟಿ ಬಂದಿರಲಿಲ್ಲ. ನಾನು ಪ್ಲಗ್ ಕೀಳಲು ಬಗ್ಗಿದಾಗ ನನ್ನ ಹೆಂಡತಿ ಕೂಗಿದಳು, “ರೀ, ಕೈ ಹಾಕ್ಬೇಡಿ, ಮೊದಲು ಮೇನ್ ಆಫ್ ಮಾಡಿ!” ಉಪ್ಪುನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಟ್ಯಾಂಕಿನ ಪ್ರತಿಯೊಂದು ಪ್ಲಗ್ಗೂ 30 ಮಿಲಿಆಂಪ್ ಆರ್‌ಸಿಸಿಬಿ ಮೂಲಕವೇ ಬರಬೇಕು, ಸಾಕೆಟ್‌ಗಳು ಸ್ಟ್ಯಾಂಡಿನ ಹೊರಗೆ ಎತ್ತರದ ಗೋಡೆಯಲ್ಲಿರಬೇಕು. ಇದನ್ನು ನಿಮ್ಮದೇ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿ. ಟ್ಯಾಂಕ್ ಮಾಡುವವರ ಹುಡುಗರಿಗೆ ಬಿಡಬೇಡಿ.

ಆ ಹುಡುಗರದ್ದೇ ಇನ್ನೊಂದು ಮಾತು. ಕ್ಲೀನ್ ಮಾಡಲು ಬಂದವನೊಬ್ಬ, ಜೊವಾಂಥಿಡ್ ಅನ್ನುವ, ಹವಳಕ್ಕೆ ಹತ್ತಿರದ ಸಣ್ಣ ಜೀವಿಗಳು ಹಬ್ಬಿದ್ದ ಕಲ್ಲಿಗೆ ಕುದಿಯುವ ನೀರು ಹಾಕೋಣ, ಬೇಗ ಹೋಗುತ್ತೆ ಅಂದ. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಕೆಲವು ಜೊವಾಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಬಿಸಿನೀರು ಬಿದ್ದರೆ ಅದು ಹಬೆಯ ಜೊತೆ ಎದ್ದು ಮನೆಮಂದಿಯ ಉಸಿರಿಗೆ ಸೇರುತ್ತದೆ. ಬೇರೆ ದೇಶಗಳಲ್ಲಿ ಹೀಗೆ ಇಡೀ ಕುಟುಂಬಗಳು ಆಸ್ಪತ್ರೆ ಸೇರಿವೆ.

ಚಾವಣಿ ನೋಡಲು ಬಂದ ಎಂಜಿನಿಯರ್ ಕೇಳಿದ ಮೊದಲ ಪ್ರಶ್ನೆ, ಬೀಮ್ ಎಲ್ಲಿದೆ? ಟ್ಯಾಂಕಿನವರು, ನಮ್ಮ ಎಂಜಿನಿಯರಿಗೆ ತೋರಿಸಿದ್ದೀವಿ ಅಂದಿದ್ದರು. ಅಂಥವರು ಯಾರೂ ಇರಲೇ ಇಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ನೀರು, ಗಾಜು, ಕಲ್ಲು, ಮರಳು, ಸ್ಟ್ಯಾಂಡ್, ಸಂಪ್ ಎಲ್ಲ ಸೇರಿ ಎರಡೂವರೆ ಟನ್ ಹತ್ತಿರ. ನಿಂತ ಜಾಗದಲ್ಲಿ ಚದರ ಮೀಟರಿಗೆ ಸಾವಿರ ಕೆಜಿಗೂ ಮೇಲೆ. ಮನೆಯ ಕೋಣೆಗಳ ಮೋಲ್ಡಿಗೆ ಐಎಸ್ 875 ಅನ್ನುವ ಕಟ್ಟಡಗಳ ಮಾನದಂಡ ಹೇಳುವ ಬಳಕೆಯ ಭಾರ ಚದರ ಮೀಟರಿಗೆ 200 ಕೆಜಿಯಷ್ಟು. ಇಟ್ಟ ದಿನವೇ ಮೋಲ್ಡ್ ಬೀಳದೆ ಇರಬಹುದು. ನಿಧಾನವಾಗಿ ಬಾಗುತ್ತದೆ, ಸ್ಟ್ಯಾಂಡ್ ವಾಲುತ್ತದೆ, ಗಾಜಿನ ಒಂದು ಮೂಲೆಗೆ ಒತ್ತಡ ಬಿದ್ದು ಸಿಲಿಕಾನ್ ಬಿಡುತ್ತದೆ. ಅದರ ಮೇಲೆ ಉಪ್ಪುನೀರು ಕಾಂಕ್ರೀಟ್ ಒಳಗೆ ಇಳಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಆಗುವುದಾದರೆ ನೆಲಮಹಡಿಯಲ್ಲೇ ಇಡಿ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಶುರುವಿನಲ್ಲಿ ಇವರು ರಾಮೇಶ್ವರದ ಕಡೆಯಿಂದ “ಲೈವ್ ರಾಕ್” ಕಡಿಮೆ ಬೆಲೆಗೆ ತರಿಸುತ್ತೇವೆ ಅಂದರು. ನಾವು ಬೇಡ ಅಂದು, ಕೈಯಿಂದ ಮಾಡಿದ ಕಲ್ಲು ತರಿಸಿಕೊಂಡೆವು. ಅವರು ಲೈವ್ ರಾಕ್ ಅನ್ನುವುದು ಅಲ್ಲಿನ ಹವಳದ ಕಲ್ಲನ್ನೇ. 2001ರಿಂದ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ ಜೈಲು. ಮನ್ನಾರ್ ಕೊಲ್ಲಿಯಲ್ಲಿ ಹವಳ ಅಗೆದು ಅಗೆದು ಎರಡು ದ್ವೀಪಗಳೇ ಮುಳುಗಿಹೋಗಿವೆ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲೂ ಹವಳ ಇದೆ. ಅಂಥ ಜಾಗದ ಒಂದು ತುಂಡನ್ನು ಕಿತ್ತು ಹಾಲ್‌ನಲ್ಲಿಡುವುದು ಹವಳದ ಮೇಲಿನ ಪ್ರೀತಿ ಹೇಗಾಗುತ್ತದೆ? ಯಾರಾದರೂ ಹೀಗೆ ಕೊಡುತ್ತೇವೆ ಅಂದರೆ ಅವರ ಜೊತೆ ಬೇರೆ ವ್ಯವಹಾರವೂ ಬೇಡ.

ನೀವು ಮಾಡಿಸುವುದಾದರೆ, ಮೀನು, ಹವಳ ಬರುವ ಮೊದಲೇ ಟ್ಯಾಂಕ್ ತುಂಬಿಸಿ ಚೆಕ್ ವಾಲ್ವನ್ನು ಬಿಚ್ಚಿಸಿ. ಆಮೇಲೆ ಮೇನ್ ಆಫ್ ಮಾಡಿ ನಿಂತು ನೋಡಿ. ಇಳಿದ ನೀರೆಲ್ಲ ಸಂಪಿನೊಳಗೇ ನಿಲ್ಲಬೇಕು, ಮೇಲೆ ಇನ್ನೂ ಎರಡು ಬೆರಳು ಜಾಗ ಉಳಿಯಬೇಕು. ರಿಟರ್ನ್ ಪೈಪಿನ ಬಾಯಿ ನೀರಿನ ಮಟ್ಟಕ್ಕೆ ಹತ್ತಿರ ಇರಲಿ, ಅಥವಾ ಮಟ್ಟದ ಸ್ವಲ್ಪ ಕೆಳಗೆ ಗಾಳಿ ಎಳೆಯುವ ಸಣ್ಣ ತೂತು ಇರಲಿ. ಆ ತೂತಿಗೆ ಪಾಚಿ ಕಟ್ಟದಂತೆ ಉಜ್ಜುತ್ತಿರಬೇಕು. ಪರೀಕ್ಷೆಯನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

ನಮ್ಮವರು ಈಗ ಫೋನ್ ಎತ್ತುವುದಿಲ್ಲ. ಬಿಲ್ ಬದಲು ವಾಟ್ಸಾಪ್‌ನಲ್ಲಿ ಎಸ್ಟಿಮೇಟ್ ಕಳಿಸಿದ್ದರು, ದುಡ್ಡು ಬ್ಯಾಂಕ್ ಮೂಲಕ ಹೋಗಿದ್ದರಿಂದ ಅದೊಂದು ದಾಖಲೆ ಉಳಿದಿದೆ. ಇಂಥದ್ದೇ ಆಗಿದ್ದವರು ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ಶುಲ್ಕವೂ ಇಲ್ಲ.