5ಡಬ್ಲ್ಯು-40 ಫುಲ್ ಸಿಂಥೆಟಿಕ್ ಇಂಜಿನ್ ಆಯಿಲ್, ವರ್ಷಗಟ್ಟಲೆ ಬಳಸಿದ ಮೇಲೆ: ಲೆವೆಲ್ ಇಳಿಯೋ ಕಿರಿಕಿರಿ ಬಗ್ಗೆ ಯಾಕೆ ಯಾರೂ ಬರೆಯಲ್ಲ?

ನೇರ ವಿಷಯಕ್ಕೆ ಬರ್ತೀನಿ. ಈ ಆಯಿಲ್ ಹಾಕಿಸಿದಾಗಿಂದ ನನ್ನ ತಲೆ ತಿಂದಿರೋದು ಒಂದೇ ವಿಷಯ, ಆಯಿಲ್ ಅಳೆಯೋ ಕಡ್ಡಿ ಅಂದ್ರೆ ಡಿಪ್‌ಸ್ಟಿಕ್‌ನಲ್ಲಿ ಲೆವೆಲ್ ಇಳಿಯೋದು. ಇಂಜಿನ್ ಸ್ಮೂತ್ ಇದೆ, ಪಿಕಪ್ ಚೆನ್ನಾಗಿದೆ, ಸೈಲೆನ್ಸರ್‌ನಲ್ಲಿ ಹೊಗೆ ಇಲ್ಲ, ಕೆಳಗೆ ಒಂದು ತೊಟ್ಟು ಲೀಕ್ ಇಲ್ಲ, ಆದ್ರೂ ಎರಡು ಸರ್ವಿಸ್ ಮಧ್ಯೆ ಟಾಪ್ ಅಪ್ ಮಾಡ್ಲೇಬೇಕು. ಆಯಿಲ್ ಬಗ್ಗೆ ಬರೆಯೋರೆಲ್ಲ ಇಂಜಿನ್ ಸೌಂಡ್ ಕಮ್ಮಿ ಆಯ್ತು, ಗಾಡಿ ಹಗುರ ಆಯ್ತು ಅಂತಾರೆ, ಇದನ್ನ ಮಾತ್ರ ಯಾರೂ ಬಾಯಿ ಬಿಡಲ್ಲ. ನಂದು ಎರಡು ಸೀಟಿನ ಕಾರು, ಟರ್ಬೋ, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಚಿಮ್ಮೋದು) ಪೆಟ್ರೋಲ್. ವಾರವೆಲ್ಲ ಹತ್ತಿರದ ಓಡಾಟ, ರಜೆ ಸಿಕ್ಕಿದ್ರೆ ಉದ್ದದ ಡ್ರೈವ್, ಆಗಾಗ ಟ್ರ್ಯಾಕ್. ಈ ಮೂರನ್ನೂ ಒಂದೇ ಆಯಿಲ್ ತಡ್ಕೋಬೇಕು, ಅದನ್ನ ಮನಸಲ್ಲಿಟ್ಕೊಂಡು ಓದಿ.

5ಡಬ್ಲ್ಯು ಅಂದ್ರೆ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದು, ನಂಬರ್ ಕಮ್ಮಿ ಇದ್ದಷ್ಟು ಸಲೀಸು; 40 ಅಂದ್ರೆ ಬಿಸಿ ಆದಾಗ ಎಷ್ಟು ಗಟ್ಟಿ ಇರುತ್ತೆ ಅನ್ನೋದು, ಇದಕ್ಕಿಂತ ಜಾಸ್ತಿ ವಿವರಿಸಲ್ಲ. ನಾನು ಯಾಕೆ ಇದನ್ನ ಆರಿಸಿದೆ ಅನ್ನೋದು ಮಾತ್ರ ಹೇಳ್ತೀನಿ. ಸ್ಪೋರ್ಟ್ಸ್ ಕಾರ್ ತಗೊಂಡ ತಕ್ಷಣ ಪರಿಚಯದವರಲ್ಲಿ ಅರ್ಧ ಜನ 10ಡಬ್ಲ್ಯು-60 ಹಾಕ್ಸು ಅಂದ್ರು. ಆ ಸಲಹೆ ಗಾಳಿಯಲ್ಲಿ ಹುಟ್ಟಿದ್ದಲ್ಲ, ಬಿಎಂಡಬ್ಲ್ಯು ತನ್ನ ಇ46 ಎಂ3 ಇಂಜಿನ್‌ಗೆ 10ಡಬ್ಲ್ಯು-60 ಅಂತಾನೇ ಹೇಳಿತ್ತು, ಆದ್ರೆ ಅದು ಆ ಇಂಜಿನ್‌ನ ಬೇರಿಂಗ್ ಗ್ಯಾಪ್, ಆ ಆರ್‌ಪಿಎಮ್ ನೋಡಿ ಹೇಳಿದ್ದು, ಎಲ್ಲಾ ಸ್ಪೋರ್ಟ್ಸ್ ಕಾರಿಗೂ ಅಲ್ಲ. ನನ್ನ ಮ್ಯಾನುಯಲ್‌ನಲ್ಲಿ 0ಡಬ್ಲ್ಯು-40 ಮತ್ತು 5ಡಬ್ಲ್ಯು-40 ಎರಡೇ ಇತ್ತು. ಗಟ್ಟಿ ಆಯಿಲ್ ಹಾಕಿದ್ರೆ ಪ್ರೆಷರ್ ಗೇಜ್ ಮೇಲೆ ಹೋಗುತ್ತೆ ನಿಜ, ಆದ್ರೆ ಪ್ರೆಷರ್ ಜಾಸ್ತಿ ಇದ್ದ ಮಾತ್ರಕ್ಕೆ ಆಯಿಲ್ ಜಾಸ್ತಿ ಹರೀತಿದೆ ಅಂತ ಅಲ್ಲ, ತಣ್ಣಗಿರೋವಾಗ ಪಂಪ್ ತಳ್ಳಿದ್ದರಲ್ಲಿ ಒಂದಷ್ಟು ಜಾಸ್ತಿ ಆದ ಪ್ರೆಷರ್ ಬಿಡೋ ರಿಲೀಫ್ ವಾಲ್ವ್ ಮೂಲಕ ವಾಪಸ್ ಹೋಗುತ್ತೆ, ಅದೇ ಹೊತ್ತಿಗೆ ಟರ್ಬೋ ಬೇರಿಂಗ್ ಆಯಿಲ್‌ಗೆ ಕಾಯ್ತಾ ಇರುತ್ತೆ. ಆ ಟರ್ಬೋ ಶಾಫ್ಟ್ ಜೋರಾಗಿ ಓಡೋವಾಗ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತೆ ಸ್ವಾಮಿ, ಅದನ್ನ ಕಾಯಿಸೋದು ಯಾಕೆ?

ಬ್ರ್ಯಾಂಡ್ ಹೆಸರು ಬೇಕಂತಾನೇ ಹಾಕಿಲ್ಲ, ಹಾಕಿದ್ರೆ ಎಲ್ಲರೂ ಅದೊಂದನ್ನೇ ನೋಡ್ತಾರೆ. ನೋಡ್ಬೇಕಾಗಿರೋದು ಕ್ಯಾನ್ ಹಿಂದಿನ ಸಣ್ಣ ಅಕ್ಷರ. ಮುಂದೆ ರೇಸಿಂಗ್, ಅಲ್ಟ್ರಾ, ಟೈಟಾನಿಯಂ ಏನು ಬೇಕಾದ್ರೂ ಬರ್ಕೊಳ್ಳಲಿ, ಹಿಂದೆ ಪೋರ್ಶೆ ಎ40, ಮರ್ಸಿಡಿಸ್ 229.5, ಬಿಎಂಡಬ್ಲ್ಯು ಲಾಂಗ್‌ಲೈಫ್-01 ಥರ ಕಾರ್ ಕಂಪನಿಯ ಅಪ್ರೂವಲ್ ಇದೆಯಾ ಅನ್ನೋದೇ ಮುಖ್ಯ. ಕೆಲವು ಕ್ಯಾನ್‌ನಲ್ಲಿ ಇವೇ ನಂಬರ್ ಇರುತ್ತೆ, ಆದ್ರೆ ಮೇಲೆ ಸಣ್ಣದಾಗಿ ಇವುಗಳಿಗೆ ಸೂಕ್ತ ಅಂತ ಇರುತ್ತೆ, ಅದು ಆಯಿಲ್ ತಯಾರಿಸಿದವರ ಮಾತು, ಕಾರ್ ಕಂಪನಿ ಟೆಸ್ಟ್ ಮಾಡಿ ಕೊಟ್ಟ ಒಪ್ಪಿಗೆ ಅಲ್ಲ. ಟರ್ಬೋ ಡೈರೆಕ್ಟ್ ಇಂಜೆಕ್ಷನ್ ಇದ್ರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟ ಎಪಿಐ ಎಸ್‌ಪಿ ಕೂಡ ಇರ್ಲಿ. ಕಮ್ಮಿ ಆರ್‌ಪಿಎಮ್‌ನಲ್ಲಿ ಮೇಲಿನ ಗೇರ್‌ನಲ್ಲಿ ಪೂರ್ತಿ ತುಳಿದಾಗ ಸ್ಪಾರ್ಕ್ ಬರೋ ಮೊದಲೇ ಪೆಟ್ರೋಲ್ ಹೊತ್ಕೊಂಡು ಪಿಸ್ಟನ್ ಒಡೆಯೋ ಸಮಸ್ಯೆ ಇದೆಯಲ್ಲ, ಅದರ ಟೆಸ್ಟ್ 2018ರಲ್ಲಿ ಎಸ್‌ಎನ್ ಪ್ಲಸ್ ಜೊತೆ ಬಂತು, 2020ರ ಎಸ್‌ಪಿಯಲ್ಲೂ ಮುಂದುವರೀತು.

ಈಗ ಲೆವೆಲ್ ವಿಷಯ. ನಾನು ಚೆಕ್ ಮಾಡೋ ರೀತಿ ಹೇಳ್ಬಿಡ್ತೀನಿ, ಯಾಕಂದ್ರೆ ಅದರಲ್ಲೇ ಅರ್ಧ ಜನರ ಲೆಕ್ಕ ತಪ್ಪೋದು. ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸ್ಬೇಕು, ಪ್ರತಿ ಸಲ ಅದೇ ಜಾಗ ಆದ್ರೆ ಇನ್ನೂ ಒಳ್ಳೇದು. ಇಂಜಿನ್ ಬಿಸಿ ಆಗಿರ್ಬೇಕು, ಆಫ್ ಮಾಡಿ ಐದು ಹತ್ತು ನಿಮಿಷ ಬಿಡ್ಬೇಕು, ಮೇಲಿನ ಆಯಿಲ್ ಎಲ್ಲಾ ಇಂಜಿನ್ ತಳದ ತೊಟ್ಟಿ ಅಂದ್ರೆ ಸಂಪ್‌ಗೆ ಇಳೀಬೇಕು. ಆಮೇಲೆ ಕಡ್ಡಿ ಎಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ತಳ ಮುಟ್ಟೋ ತನಕ ಒಳಗೆ ಹಾಕಿ ಮತ್ತೆ ಎಳೀತೀನಿ. ಎರಡೂ ಮಗ್ಗಲು ನೋಡ್ತೀನಿ, ಕಮ್ಮಿ ತೋರಿಸೋ ಮಗ್ಗುಲನ್ನೇ ನಂಬ್ತೀನಿ. ಒಂದು ತೊಟ್ಟು ಬೆರಳ ಮೇಲೆ ಇಟ್ಕೊಂಡು ಉಜ್ಜಿ, ಮೂಸಿ ನೋಡ್ತೀನಿ. ಬಣ್ಣ ಕಪ್ಪಾಗಿದ್ರೆ ಚಿಂತೆ ಇಲ್ಲ, ಕೊಳೆನ ಹೊತ್ಕೊಂಡು ತಿರುಗೋದು ಆಯಿಲ್‌ನ ಕೆಲಸಾನೇ. ಭಾನುವಾರ ಬೆಳಿಗ್ಗೆ ಈ ಕೆಲಸ ಮಾಡೋದಂದ್ರೆ ನಂಗೆ ತುಂಬಾ ಇಷ್ಟ, ಬಾನೆಟ್ ಎತ್ತಿದಾಗ ಬರೋ ಬಿಸಿ, ಮೆಟಲ್ ತಣ್ಣಗಾಗ್ತಾ ಮಾಡೋ ಟಿಕ್ ಟಿಕ್ ಸದ್ದು, ಎಲ್ಲಾ ಸೇರಿ.

ಇಷ್ಟು ಶಿಸ್ತಿನಿಂದ ನೋಡ್ತಿದ್ದೋನಿಗೆ ಆಗಿದ್ದೇನಂದ್ರೆ, ವಾರಗಟ್ಟಲೆ ಲೆವೆಲ್ ಒಂದು ಕೂದಲೆಳೆಯಷ್ಟೂ ಅಲ್ಲಾಡಲ್ಲ, ಒಂದು ಉದ್ದ ಡ್ರೈವ್ ಮುಗಿಸಿ ಬಂದು ನೋಡಿದ್ರೆ ಧಡ್ ಅಂತ ಇಳಿದಿರುತ್ತೆ. ಸರ್ವಿಸ್‌ನಲ್ಲಿ ಕೇಳಿದ್ರೆ ಟರ್ಬೋ ಗಾಡಿ ಸಾರ್, ಆಯಿಲ್ ಕುಡಿಯುತ್ತೆ, ನಾರ್ಮಲ್ ಅಂತ ಒಂದೇ ಮಾತು. ಕುಡಿಯೋದಾದ್ರೆ ದಿನಾ ಸ್ವಲ್ಪ ಸ್ವಲ್ಪ ಕುಡೀಬೇಕಲ್ವಾ, ಒಂದೇ ದಿನ ಯಾಕೆ? ಅದಕ್ಕೆ ಅವರ ಹತ್ರ ಉತ್ತರ ಇರ್ಲಿಲ್ಲ. ಸ್ಪೋರ್ಟ್ಸ್ ಕಾರಲ್ಲಿ ಇದು ಸಣ್ಣ ವಿಷಯ ಅಲ್ಲ. ಬಹಳಷ್ಟು ಕಾರಲ್ಲಿ ಮಿನಿಮಮ್ ಮ್ಯಾಕ್ಸಿಮಮ್ ಗೆರೆಗಳ ಮಧ್ಯೆ ಇರೋದೇ ಸುಮಾರು 1 ಲೀಟರ್, ಡ್ರೈ ಸಂಪ್ (ಆಯಿಲ್‌ಗೇ ಬೇರೆ ಟ್ಯಾಂಕ್) ಇಲ್ದೇ ಇರೋ ಇಂಜಿನ್‌ನಲ್ಲಿ ಲೆವೆಲ್ ಕಮ್ಮಿ ಇಟ್ಕೊಂಡು ಉದ್ದದ ತಿರುವನ್ನ ಜೋರಾಗಿ ತಗೊಂಡ್ರೆ ಆಯಿಲ್ ಒಂದು ಕಡೆ ವಾಲಿ, ಪಂಪ್ ಗಾಳಿ ಎಳ್ಕೊಳ್ಳುತ್ತೆ. ಕ್ಷಣಮಾತ್ರ ಆದ್ರೂ ಬೇರಿಂಗ್‌ಗೆ ಅಷ್ಟೇ ಸಾಕು.

ಕೊನೆಗೆ ಚೇಂಜ್ ಮಾಡೋ ಹೊತ್ತಲ್ಲಿ ಹಳೇ ಆಯಿಲ್ ಸ್ಯಾಂಪಲ್ ಲ್ಯಾಬ್‌ಗೆ ಕಳಿಸಿದೆ. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಎಲ್ಲಾ ಕಮ್ಮಿ, ಅಂದ್ರೆ ಸವೆತ ಇಲ್ಲ. ಆದ್ರೆ ಪೆಟ್ರೋಲ್ ಪ್ರಮಾಣ ಜಾಸ್ತಿ, ಮತ್ತೆ ವಿಸ್ಕಾಸಿಟಿ, ಅಂದ್ರೆ ಆಯಿಲ್‌ನ ಗಟ್ಟಿತನ, ಬಿದ್ದಿತ್ತು. 40 ಗ್ರೇಡ್ ಅನ್ನಿಸ್ಕೋಬೇಕಂದ್ರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 12.5 ಸೆಂಟಿಸ್ಟೋಕ್ಸ್ ಇರ್ಬೇಕು, ನಂದು ಅದಕ್ಕಿಂತ ಕೆಳಗೆ, ಹಾಕಿದ್ದು 40, ಒಳಗೆ ಓಡ್ತಿದ್ದಿದ್ದು 30. ಆಗ ಅರ್ಥ ಆಯ್ತು. ಹತ್ತಿರದ ಓಡಾಟದಲ್ಲಿ ಇಂಜಿನ್ ಸರಿಯಾಗಿ ಬಿಸಿ ಆಗೋ ಮೊದಲೇ ಆಫ್, ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಸಿಲಿಂಡರ್ ಗೋಡೆಗೆ ಬಿದ್ದ ಪೆಟ್ರೋಲ್ ಪಿಸ್ಟನ್ ರಿಂಗ್ ದಾಟಿ ಸಂಪ್‌ಗೆ ಇಳಿಯುತ್ತೆ. ಆಯಿಲ್ ಕಮ್ಮಿ ಆದಷ್ಟು ಪೆಟ್ರೋಲ್ ಬಂದು ಸೇರ್ಕೊಂಡು ಕಡ್ಡಿಯಲ್ಲಿ ಲೆವೆಲ್ ಹಾಗೇ ಕಾಣಿಸುತ್ತೆ, ಉದ್ದ ಡ್ರೈವ್‌ನಲ್ಲಿ ಆಯಿಲ್ ಚೆನ್ನಾಗಿ ಕಾದಾಗ ಆ ಪೆಟ್ರೋಲ್ ಆವಿಯಾಗಿ ಹೋಗುತ್ತೆ, ನಿಜವಾದ ಲೆವೆಲ್ ಬಯಲಾಗುತ್ತೆ. ನಾನು ಬೈತಾ ಇದ್ದಿದ್ದು ಲೆವೆಲ್ ಇಳಿದ ದಿನಕ್ಕೆ, ಚಿಂತೆ ಮಾಡ್ಬೇಕಾಗಿದ್ದು ಲೆವೆಲ್ ಅಲ್ಲಾಡದ ವಾರಗಳಿಗೆ.

ಅಲ್ಲಿಂದ ಈ ಆಯಿಲ್ ಮೇಲಿನ ಕೋಪ ಇಳೀತು. ಪೆಟ್ರೋಲ್ ಬೆರೆತು 30 ಆದ್ಮೇಲೂ ಸವೆತ ಆಗೋಕೆ ಬಿಟ್ಟಿಲ್ಲ ಅಂದ್ರೆ ಅದು ಮಾಡಿದ ಕೆಲಸ ಕಮ್ಮಿ ಏನಲ್ಲ, 40ರಿಂದ ಶುರು ಮಾಡಿದ್ದಕ್ಕೆ ಆ ಅವಕಾಶ ಸಿಕ್ತು. 150 ಡಿಗ್ರಿಯಲ್ಲಿ ಜೋರಾಗಿ ಉಜ್ಜುವಾಗ ಆಯಿಲ್ ಎಷ್ಟು ಗಟ್ಟಿ ನಿಲ್ಲುತ್ತೆ ಅಂತ ಅಳೆಯೋ ಎಚ್‌ಟಿಎಚ್‌ಎಸ್ ಅಂತ ಒಂದಿದೆ, 30 ಗ್ರೇಡ್‌ಗೆ ಕನಿಷ್ಠ 2.9 ಮಿಲಿಪಾಸ್ಕಲ್-ಸೆಕೆಂಡ್, 5ಡಬ್ಲ್ಯು-40ಗೆ 3.5. ಟ್ರ್ಯಾಕ್‌ಗೆ ಹೋಗೋರು ಡೇಟಾ ಶೀಟ್‌ನಲ್ಲಿ ಮೊದಲು ಈ ಸಾಲು ನೋಡಿ. ಎರಡನೇದು ನೋಆಕ್, 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದ್ರೆ ಎಷ್ಟು ಪರ್ಸೆಂಟ್ ಹಾರಿ ಹೋಗುತ್ತೆ ಅನ್ನೋದು, ಯುರೋಪಿನ ಕಾರ್ ತಯಾರಕರ ಸಂಘದ ಎಸಿಇಎ ಎ3/ಬಿ4 ಗುಣಮಟ್ಟದ ಪ್ರಕಾರ 13ರ ಒಳಗಿರ್ಬೇಕು, ಒಳ್ಳೇ ಆಯಿಲ್‌ಗಳು ಇನ್ನೂ ಕೆಳಗಿರುತ್ತವೆ. ಈ ನಂಬರ್ ಕೊಡದೇ ಇರೋ ಆಯಿಲ್ ನಾನು ತಗೊಳಲ್ಲ.

ಬದಲಾಗಿದ್ದು ನನ್ನ ಓಡಿಸೋ ರೀತಿ. ಈಗ ವಾಟರ್ ಟೆಂಪರೇಚರ್ ಕಡೆ ನೋಡೋದೇ ಇಲ್ಲ, ಆಯಿಲ್ ಟೆಂಪರೇಚರ್ ಅಷ್ಟೇ. ನೀರು ಬೇಗ ಬಿಸಿ ಆಗ್ಬಿಡುತ್ತೆ, ಆಯಿಲ್ ಅದರ ಹಿಂದೆ ಎಷ್ಟೋ ಹೊತ್ತು ಆದ್ಮೇಲೆ ಬರುತ್ತೆ. 40, 50, 60 ಡಿಗ್ರಿ ಅಂತ ಒಂದೊಂದೇ ಏರೋವಾಗ ಕಾಲು ಹಗುರ ಇಟ್ಕೊಂಡು, ಗೇರ್ ಮೆತ್ತಗೆ ಹಾಕ್ತಾ ಹೋಗೋದು, 80 ದಾಟಿದ ಮೇಲೆ ಒಂದು ಸಲ ರೆಡ್‌ಲೈನ್ ತನಕ ಎಳೆಯೋದು, ಆ ಹೊತ್ತಲ್ಲಿ ಇಂಜಿನ್ ಸದ್ದು ಎಷ್ಟು ಶುದ್ಧವಾಗಿರುತ್ತೆ ಅಂದ್ರೆ ಬರೀ ಅದಕ್ಕೋಸ್ಕರ ಸುತ್ತು ಹಾಕ್ಕೊಂಡು ಮನೆಗೆ ಹೋದ ದಿನಗಳಿವೆ. ಆಗ ಹೇಳಿದ ಎಂ3ಯಲ್ಲಿ ಆರ್‌ಪಿಎಮ್ ಮೀಟರ್ ಮೇಲೇ ದೀಪಗಳಿದ್ವು, ಆಯಿಲ್ ಬಿಸಿ ಆದಂತೆಲ್ಲ ಒಂದೊಂದೇ ಆರಿ ಎಷ್ಟು ತನಕ ಎಳೀಬಹುದು ಅಂತ ತೋರಿಸ್ತಿತ್ತು, ಅಂಥದ್ದು ಪ್ರತಿ ಸ್ಪೋರ್ಟ್ಸ್ ಕಾರಲ್ಲೂ ಇರ್ಬೇಕಿತ್ತು.

ನನ್ನ ಬಜೆಟ್ ದೊಡ್ಡದಲ್ಲ. ಅದಕ್ಕೇ ಇದಕ್ಕಿಂತ ದುಬಾರಿ ಎಸ್ಟರ್ ಬೇಸ್ ಆಯಿಲ್ ಹಾಕಿ ಪೂರ್ತಿ ಸರ್ವಿಸ್ ಇಂಟರ್ವಲ್ ಓಡಿಸೋ ಬದಲು ಇದನ್ನೇ ಹಾಕಿ ಅರ್ಧ ಇಂಟರ್ವಲ್‌ಗೇ ಇಳಿಸ್ತಾ ಇದೀನಿ, ಎಷ್ಟೇ ಒಳ್ಳೇ ಆಯಿಲ್ ಆದ್ರೂ ಪೆಟ್ರೋಲ್ ಬೆರೆತ ಮೇಲೆ ಹೊರಗೆ ಹಾಕ್ಲೇಬೇಕು. ಬರೀ ಹೈವೇ ಓಡಿಸೋರಿಗೆ ಇಷ್ಟು ಬೇಗ ಬೇಕಾಗಿಲ್ಲ. ವಾರಂಟಿಯಲ್ಲಿರೋರು ಮ್ಯಾನುಯಲ್‌ನಲ್ಲಿರೋ ಗ್ರೇಡ್ ಬಿಟ್ಟು ಅತ್ತಿತ್ತ ಹೋಗ್ಬೇಡಿ, ಅದರಲ್ಲಿ 0ಡಬ್ಲ್ಯು-20 ಮಾತ್ರ ಇದ್ರೆ ಇಲ್ಲಿ ಬರೆದಿದ್ದು ನೋಡಿ 40 ಸುರೀಬೇಡಿ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಕಟ್ ಮಾಡಿದ್ದು ಕ್ಯಾನ್‌ಗೆ, ಬಾಯಿ ಅಗಲ ಆಗಿ ಅರ್ಧ ಲೀಟರ್ ಟಾಪ್ ಅಪ್ ಮಾಡೋವಾಗ ಗಳಕ್ ಅಂತ ಬಿದ್ಬಿಡುತ್ತೆ, ಮ್ಯಾಕ್ಸಿಮಮ್ ದಾಟಿದ್ರೆ ಕ್ರ್ಯಾಂಕ್ ಬಡಿದು ನೊರೆ ಏಳುತ್ತೆ, ಹಾಗಾಗಿ ಉದ್ದ ಕೊಳವೆಯ ಫನಲ್ ಇಲ್ದೇ ಸುರಿಯೋಕೆ ಹೋಗ್ಬೇಡಿ.